ಬಿಸಿನೀರಿಗೆ ಹಾಕಿದ ಶಾಲು

ಮೊಳಕಾಲ್ಮೂರು
14 ನವೆಂಬರ್ 1909

ಅಪ್ಪನವರಿಗೆ ಮಗಳು ಸುಲೋಚನ ಮಾಡುವ ಶರಣು.

ಇಲ್ಲಿ ಎಲ್ಲರೂ ಆರೋಗ್ಯವಾಗಿದ್ದೇವೆ. ನಿಮ್ಮ ಅಳಿಯಂದಿರು ರೇಷ್ಮೆ ಸೀರೆಗಳ ಗಂಟು ಹೊತ್ತುಕೊಂಡು ರಾಯದುರ್ಗದ ಕಡೆ ಹೋಗಿದ್ದಾರೆ. ಅವ್ವನಿಗೆ ಒಂದು ಮಾತು ಹೇಳಿ: ನನಗೆ ಈಗ ಮೂರು ತಿಂಗಳು. ಅತ್ತೆ ಇಲ್ಲದ ಮನೆ, ಇಲ್ಲಿ ಕೇಳಲು ಹಿರಿಯ ಹೆಂಗಸರು ಯಾರೂ ಇಲ್ಲ. ಏಳನೆಯ ತಿಂಗಳಿಗೆ ಕರೆದುಕೊಂಡು ಹೋಗಲು ಬರುತ್ತೀರಲ್ಲ, ಆಗ ಎಲ್ಲವನ್ನೂ ಅವ್ವನ ಹತ್ತಿರವೇ ಕೇಳಿಕೊಳ್ಳುತ್ತೇನೆ.

ಈಗ ಬರೆದದ್ದು ಬೇರೆ ಕಾರಣಕ್ಕೆ. ಮಾವನವರ ಹತ್ತಿರ ಒಂದು ಕಾಶ್ಮೀರದ ಶಾಲು ಇದೆ. ಬಳ್ಳಾರಿಯ ಸಾಹುಕಾರರೊಬ್ಬರು ಇವರ ನೇಯ್ಗೆಯ ಸೀರೆಗಳನ್ನು ಮೆಚ್ಚಿ ಸಭೆಯಲ್ಲಿ ಹೊದಿಸಿದ್ದು. ಮೊನ್ನೆ ಮದುವೆಯೊಂದರಲ್ಲಿ ಅದರ ಮೇಲೆ ದೀಪದ ಎಣ್ಣೆ ಚೆಲ್ಲಿದೆ. ಅಗಸರಿಗೆ ಕೊಟ್ಟರೆ ಕಲ್ಲಿಗೆ ಬಡಿಯುತ್ತಾರೆಂದು ಮಾವನವರು ನನ್ನ ಕೈಗೆ ಕೊಟ್ಟು, "ಉಣ್ಣೆ ಮನೆ ಮಗಳು ನೀನು, ನಿಂಗೆ ಗೊತ್ತಿರ್ತೈತೆ" ಎಂದರು. ನನಗೆ ಗೊತ್ತಿಲ್ಲ. ಈ ಮನೆಯಲ್ಲಿ ರೇಷ್ಮೆ ಬಿಟ್ಟು ಬೇರೆ ನೂಲು ಮುಟ್ಟಿದವರಿಲ್ಲ. ಶಾಲು ಬಹಳ ತೆಳುವಾಗಿದೆ, ಮುಷ್ಟಿಯಲ್ಲಿ ಹಿಡಿಸುತ್ತದೆ. ಹೇಗೆ ತೊಳೆಯಬೇಕೆಂದು ಬೇಗ ತಿಳಿಸಿ.

ನಿಮ್ಮ ಮಗಳು
ಸುಲೋಚನ


ಚಳ್ಳಕೆರೆ
19 ನವೆಂಬರ್ 1909

ಮಗಳು ಸುಲೋಚನೆಗೆ ಅಪ್ಪ ಅಜ್ಜಪ್ಪನ ಆಶೀರ್ವಾದ.

ನಿನ್ನ ಕಾಗದ ಓದಿದ ಕೂಡಲೇ ನಿನ್ನ ಅವ್ವ ಬೆಲ್ಲ ತೆಗೆದು ಬೀದಿಗೆಲ್ಲಾ ಹಂಚಿದಳು. "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಬೇಡ ಕಣೇ" ಎಂದೆ. ಕೇಳುವವಳೇ ಅವಳು? ನಾನೂ ಎರಡು ಉಂಡೆ ತಿಂದೆ ಅನ್ನು.

ಇನ್ನು ಶಾಲಿನ ಮಾತು. ನಿನ್ನ ಅವ್ವ ಏನು ಹೇಳಿದಳು ಗೊತ್ತೇ? "ಎದುರಿಗೇ ಬುಡೇನ್ ಸಾಬ್ರ ಶಾಲಿನ ಅಂಗ್ಡಿ ಐತೆ, ಒಂದ್ ಮಾತು ಕೇಳ್ರಿ, ಗಂಟೇನು ಹೋಗ್ತೈತೆ?" ನನಗೆ ನಗು ಬಂತು. ಮೂವತ್ತು ವರ್ಷ ಕಂಬಳಿ ವ್ಯಾಪಾರ ಮಾಡಿದವನು, ಕಣ್ಣು ಕಟ್ಟಿ ಉಣ್ಣೆಯ ಮುಂದೆ ಕೂರಿಸಿದರೂ ಯಾವ ಊರಿನ ಕುರಿಯದೆಂದು ಹೇಳುವವನು, ನಾನು ಹೋಗಿ ಇನ್ನೊಬ್ಬರನ್ನು ಕೇಳಲೇ? ಕಾಶ್ಮೀರದ ಆಡಾದರೇನು, ದೇವಸಮುದ್ರದ ಕುರಿಯಾದರೇನು, ಮೈಮೇಲೆ ಬೆಳೆಯುವುದು ಉಣ್ಣೆಯೇ ತಾನೆ.

ಹೀಗೆ ಮಾಡು. ಅಂಟುವಾಳದ ಕಾಯಿ ಜಜ್ಜಿ ನೀರಿಗೆ ಹಾಕಿ ಚೆನ್ನಾಗಿ ಕುದಿಸು. ಕೈಯಿಟ್ಟರೆ ಚುರುಕ್ಕೆನ್ನಬೇಕು, ಅಷ್ಟು ಬಿಸಿ. ಕಲ್ಲಿನ ಬಾನಿಗೆ ಸುರಿದು ಶಾಲು ಹಾಕಿ ಕಾಲಿನಿಂದ ತುಳಿಸು. ನೀನು ತುಳಿಯಬೇಡ, ಈಗ ನಿನಗೆ ಆಗದು, ಆಳಿನವಳಿಗೆ ಹೇಳು. ಹೊತ್ತು ಏರುವವರೆಗೂ ತುಳಿಯಲಿ. ತುಳಿದಷ್ಟೂ ನೂಲು ನೂಲು ಕಚ್ಚಿಕೊಳ್ಳುತ್ತದೆ, ಗಾಳಿ ನುಗ್ಗುವುದಿಲ್ಲ. ಆಮೇಲೆ ತಣ್ಣೀರಿನಲ್ಲಿ ಜಾಲಿಸಿ, ಗಟ್ಟಿಯಾಗಿ ಹಿಂಡಿ, ಹುಣಸೆ ಬೀಜ ಹುರಿದು ಬೀಸಿ ಕಾಯಿಸಿದ ಗಂಜಿ ಹಾಕು. ಬಿಸಿಲಿಗೆ ಹರವು. ಶಾಲು ನಿನ್ನ ಮಾವನವರ ಮೈಮೇಲೆ ಠೀಕಾಗಿ ಕೂರುತ್ತದೆ. ಅದು ತೆಳುವಾಗಿದೆ ಎಂದು ಬರೆದಿದ್ದೀಯ. ಪಾಪ, ಅದನ್ನು ಇಷ್ಟು ದಿನ ಯಾರೂ ಸರಿಯಾಗಿ ತುಳಿದಿಲ್ಲ.

ಅಜ್ಜಪ್ಪ


ಚಳ್ಳಕೆರೆ
10 ಜನವರಿ 1910

ಮಗಳು ಸುಲೋಚನೆಗೆ ಆಶೀರ್ವಾದ.

ಎರಡು ತಿಂಗಳಾಗುತ್ತಾ ಬಂತು, ನಿನ್ನಿಂದ ಒಂದು ಸಾಲೂ ಇಲ್ಲ. ಶಾಲು ಹೇಗೆ ಬಂತು? ಮಾವನವರು ಏನೆಂದರು? ಕಾಶ್ಮೀರದ ಶಾಲು ತೊಳೆಯುವುದಕ್ಕೂ ಈಗ ಮೊಳಕಾಲ್ಮೂರಿನ ದೊಡ್ಡವರು ನಮ್ಮನ್ನೇ ಕೇಳುತ್ತಾರೆಂದು ಅಂಗಡಿಗೆ ಬಂದವರಿಗೆಲ್ಲಾ ಹೇಳುತ್ತಿದ್ದೇನೆ. ಬುಡೇನ್ ಸಾಬರಿಗೂ ಕೇಳಿಸಲೆಂದು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ.

ಅವ್ವ ನಿನ್ನ ಬಾಣಂತನಕ್ಕೆ ಹಿಂದಿನ ಕೋಣೆಯನ್ನು ಸಾರಿಸಿ ಸುಣ್ಣ ಬಳಿಸಿದ್ದಾಳೆ. ಬೆಳ್ಳುಳ್ಳಿ, ಮೆಂತ್ಯ, ಕೊಬ್ಬರಿ ಈಗಲೇ ಕೂಡಿಡುತ್ತಿದ್ದಾಳೆ. ಅಂಗಡಿಗಿಂತ ಮನೆಯಲ್ಲೇ ಸರಕು ಜಾಸ್ತಿಯಾಗಿದೆ.

ಅಜ್ಜಪ್ಪ


ಮೊಳಕಾಲ್ಮೂರು
18 ಜನವರಿ 1910

ಅಪ್ಪನವರಿಗೆ ಶರಣು.

ಶಾಲನ್ನು ನೀವು ಹೇಳಿದ ಹಾಗೆಯೇ ತೊಳೆದೆವು. ಆಳಿನ ನಿಂಗಕ್ಕ ಹೊತ್ತು ಏರುವವರೆಗೂ ತುಳಿದಳು. ಗಂಜಿ ಚೆನ್ನಾಗಿ ಹಿಡಿದಿದೆ. ಮಾವನವರು ಈಗ ಅದನ್ನು ಹೊದೆಯುತ್ತಿಲ್ಲ.

ನನಗೆ ಮೊದಲಿನಷ್ಟು ಕೆಲಸವಿಲ್ಲ. ಸೀರೆಗಳನ್ನು ಮಡಿಸಿ ಜೋಡಿಸುವುದನ್ನು ಈಗ ಬೇರೆಯವರು ಮಾಡುತ್ತಾರೆ. ನಾನು ಹಿತ್ತಲ ಕಡೆ ಇರುತ್ತೇನೆ. ನಿಮ್ಮ ಅಳಿಯಂದಿರು ಬಂದು ನಾಲ್ಕು ದಿನವಿದ್ದು ಮತ್ತೆ ಹೋದರು. ಅವರು ತಂದೆಯ ಎದುರು ಮಾತಾಡುವವರಲ್ಲ.

ಊಟ ಸೇರುತ್ತದೆ. ಕಾಲು ಸ್ವಲ್ಪ ಬಾತುಕೊಂಡಿದೆ, ಅಷ್ಟೆ. ಅವ್ವ ಯಾವಾಗ ಬರುತ್ತಾಳೆ? ಸ್ವಲ್ಪ ಮುಂಚೆಯೇ ಬಂದರೆ ಒಳ್ಳೆಯದು.

ಸುಲೋಚನ


ಚಳ್ಳಕೆರೆ
3 ಮಾರ್ಚ್ 1910

ಬೀಗರಾದ ಜಂಬುಲಿಂಗಪ್ಪನವರಿಗೆ ಅಜ್ಜಪ್ಪನ ಶರಣು ಶರಣಾರ್ಥಿ.

ನಮ್ಮ ಮಗಳಿಗೆ ಏಳನೆಯ ತಿಂಗಳು ನಡೆಯುತ್ತಿದೆ. ಮುಂದಿನ ವಾರ ಒಳ್ಳೆಯ ದಿನವಿದೆ ಎಂದು ಮಠದ ಅಯ್ಯನವರು ಹೇಳಿದ್ದಾರೆ. ನಾವು ನಾಲ್ಕು ಜನ ಬಂದು, ನಿಮ್ಮ ಮನೆಯಲ್ಲಿ ಸೀಮಂತ, ಕುಬುಸದ ಶಾಸ್ತ್ರ ಮುಗಿಸಿಕೊಂಡು, ಚೊಚ್ಚಲ ಬಾಣಂತನಕ್ಕೆ ಅವಳನ್ನು ಕರೆತರುತ್ತೇವೆ. ನಿಮ್ಮ ಒಪ್ಪಿಗೆಯ ಒಂದು ಸಾಲು ಬಂದರೆ ಬಂಡಿ ಹೊರಡಿಸುತ್ತೇನೆ. ಶಾಲು ಹೇಗಿದೆ ಎಂದು ನೀವು ಬರೆಯಲೇ ಇಲ್ಲ. ದೊಡ್ಡವರು, ಮೆಚ್ಚಿಗೆಯನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳುತ್ತೀರಿ.

ಅಜ್ಜಪ್ಪ


ಮೊಳಕಾಲ್ಮೂರು
12 ಮಾರ್ಚ್ 1910

ಅಜ್ಜಪ್ಪನವರಿಗೆ ಶರಣು.

ತಮ್ಮ ಕಾಗದ ತಲುಪಿತು. ಸೊಸೆಯನ್ನು ಈಗ ಕಳಿಸಲು ಅನುಕೂಲವಿಲ್ಲ. ಕುಬುಸವನ್ನು ನಾವೇ ಇಲ್ಲಿ ಮಾಡಿ ಮುಗಿಸಿದ್ದೇವೆ. ಆಕೆ ಆರೋಗ್ಯವಾಗಿದ್ದಾಳೆ. ಬಂಡಿ ಕಳಿಸುವ ಶ್ರಮ ತೆಗೆದುಕೊಳ್ಳಬೇಡಿ.

ಜಂಬುಲಿಂಗಪ್ಪ


ಚಳ್ಳಕೆರೆ
20 ಮಾರ್ಚ್ 1910

ಜಂಬುಲಿಂಗಪ್ಪನವರಿಗೆ.

ನಿಮ್ಮ ನಾಲ್ಕು ಸಾಲಿನ ಕಾಗದವನ್ನು ನಾನು ನಲವತ್ತು ಸಲ ಓದಿದೆ. ಅನುಕೂಲವಿಲ್ಲ ಎಂದರೇನು ಸ್ವಾಮಿ? ಹೆರುವವಳು ನನ್ನ ಮಗಳು. ಚೊಚ್ಚಲ ಬಸುರಿಯನ್ನು ತವರಿಗೆ ಕಳಿಸದ ಮನೆ ಈ ಸೀಮೆಯಲ್ಲಿ ಎಲ್ಲಾದರೂ ಉಂಟೇ? ತವರಿನವರಿಲ್ಲದೆ ಕುಬುಸ ಮಾಡಿದಿರಂತೆ! ಅವಳ ತಲೆಗೆ ಹೂ ಮುಡಿಸಿದವರು ಯಾರು? ನಿಮ್ಮ ಮಗ್ಗದ ಕಂಬವೇ?

ಇದನ್ನು ನನ್ನ ಹೆಂಡತಿಗೆ ಹೇಗೆ ಹೇಳಲಿ? ಅವಳಿಗೆ ಓದು ಬಾರದು. ಬೀಗರಿಗೆ ಮೈಯಲ್ಲಿ ಹುಷಾರಿಲ್ಲ, ಹದಿನೈದು ದಿನ ತಡವಾಗುತ್ತದೆ ಎಂದು ಸುಳ್ಳು ಓದಿದ್ದೇನೆ. ಅವಳು ಮೆಂತ್ಯ ಹುರಿಯುತ್ತಾ ಕೂತಿದ್ದಾಳೆ. ನನ್ನ ಮಗಳು ಅಂಥ ತಪ್ಪು ಏನು ಮಾಡಿದಳೆಂದು ಬರೆಯಿರಿ. ತಪ್ಪೇ ಇಲ್ಲದಿದ್ದರೆ ಬಂಡಿ ಬರುತ್ತದೆ, ಅದರ ಹಿಂದೆ ನಾನೂ ಬರುತ್ತೇನೆ. ನಿಮ್ಮ ಬಾಗಿಲಲ್ಲಿ ನಿಂತು ಊರು ಸೇರಿಸುತ್ತೇನೆ.

ಅಜ್ಜಪ್ಪ


ಮೊಳಕಾಲ್ಮೂರು
1 ಏಪ್ರಿಲ್ 1910

ಅಜ್ಜಪ್ಪನವರಿಗೆ ಶರಣು.

ತಪ್ಪು ಏನೆಂದು ಕೇಳಿದ್ದೀರಿ. ಪೊಟ್ಟಣದಲ್ಲಿ ಕಳಿಸಿದ್ದೇನೆ, ಬಿಚ್ಚಿ ನೋಡಬೇಕು. ಅದು ನನ್ನ ಶಾಲು. ಏಳು ಮೊಳವಿದ್ದದ್ದು ಈಗ ನಾಲ್ಕು ಮೊಳಕ್ಕೂ ಕಡಿಮೆ. ಗೋಡೆಗೆ ಒರಗಿಸಿದರೆ ತನ್ನಷ್ಟಕ್ಕೆ ನಿಲ್ಲುತ್ತದೆ.

ಕಳೆದ ನವೆಂಬರಿನ ಕೊನೆಯಲ್ಲಿ ಬಳ್ಳಾರಿಯಿಂದ ಆರು ಜನ ವ್ಯಾಪಾರಸ್ಥರು ಬಂದಿದ್ದರು. ಅವರ ಸಾಹುಕಾರರು ಕೊಟ್ಟ ಶಾಲು ಹೊದ್ದು ಕೂರುವುದು ಮರ್ಯಾದೆಯೆಂದು ತರಿಸಿದೆ. ಸೊಸೆ ಇದನ್ನು ತಂದಿಟ್ಟಳು. ಬಂದವರು ನಗಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. ಹೀಗೆ ತೊಳೆಯಲು ಯಾರು ಹೇಳಿದರು ಎಂದು ಅವರೆದುರಿಗೇ ಕೇಳಿದೆ. "ಯಾರೂ ಹೇಳಿಲ್ಲ ಮಾವಾರೇ, ನಂಗೇ ತೋಚಿದ್ದು" ಎಂದಳು. ನಿಜ ಹೇಳುವವರೆಗೆ ಈ ಮನೆಯ ಹೊಸಿಲು ದಾಟುವಂತಿಲ್ಲ ಎಂದು ಹೇಳಿದೆ. ಈ ದಿನದವರೆಗೂ ಅವಳು ಅದನ್ನೇ ಹೇಳುತ್ತಿದ್ದಾಳೆ. ನನಗೆ ಬೇಕಾದದ್ದು ಶಾಲಿನ ಬೆಲೆಯಲ್ಲ.

ಜಂಬುಲಿಂಗಪ್ಪ


ಚಳ್ಳಕೆರೆ
9 ಏಪ್ರಿಲ್ 1910

ಬೀಗರಾದ ಜಂಬುಲಿಂಗಪ್ಪನವರಿಗೆ ಅಜ್ಜಪ್ಪನ ಶರಣು ಶರಣಾರ್ಥಿ.

ಹಿಂದಿನ ಕಾಗದದಲ್ಲಿ ಬಾಯಿಗೆ ಬಂದಂತೆ ಬರೆದೆ. ಅದನ್ನು ಒಲೆಗೆ ಹಾಕಿಬಿಡಿ.

ಪೊಟ್ಟಣವನ್ನು ಅಂಗಡಿಯಲ್ಲೇ ಬಿಚ್ಚಿದೆ. ಮುಟ್ಟಿದ ಕೂಡಲೇ ಬೆರಳಿಗೆ ಹುಣಸೆ ಬೀಜದ ಗಂಜಿ ತಿಳಿಯಿತು. ಲೋಕದಲ್ಲಿ ಯಾರೂ ಶಾಲಿಗೆ ಹುಣಸೆ ಬೀಜದ ಗಂಜಿ ಹಾಕುವುದಿಲ್ಲ, ಚಳ್ಳಕೆರೆಯ ಕಂಬಳಿಯವನು ಹೇಳಿದರೆ ಮಾತ್ರ ಹಾಕುತ್ತಾರೆ. ಹೇಳಿದವನು ನಾನು. ನೀರು ಕುದಿಸು ಅಂದವನು ನಾನು, ತುಳಿಸು ಅಂದವನು ನಾನು. ಹುಡುಗಿ ಅಕ್ಷರ ತಪ್ಪದೆ ಮಾಡಿದ್ದಾಳೆ. ಕಂಬಳಿಯಾಗಿದ್ದರೆ ಇಷ್ಟು ಚೆನ್ನಾಗಿ ಕಚ್ಚಿಕೊಂಡದ್ದಕ್ಕೆ ತುಳಿದವಳಿಗೆ ಒಂದು ಸೀರೆ ಕೊಡಬಹುದಿತ್ತು.

ಆದರೂ ಮನಸ್ಸು ಒಪ್ಪಲಿಲ್ಲ. ಜಟ್ಟಿ ಜಾರಿಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತಾರಲ್ಲ, ಆ ಜಾತಿ ನನ್ನದು. ಶಾಲನ್ನು ಕಂಕುಳಲ್ಲಿ ಇಟ್ಟುಕೊಂಡು ಬೀದಿ ದಾಟಿ ಬುಡೇನ್ ಸಾಬರ ಅಂಗಡಿಗೆ ಹೋದೆ. ಅವರು ಬಿಡಿಸಿ ನೋಡಿದರು.

"ಯಾ ಅಲ್ಲಾ! ಪಶ್ಮೀನಾನ ಕಂಬ್ಳಿ ಮಾಡಿದ್ದು ಯಾರ್ರೀ ಇದು?"

"ನಾನೇ" ಎಂದೆ.

ಪುಣ್ಯಾತ್ಮ, ನಗಲಿಲ್ಲ. ಕೂರಿಸಿ ನೀರು ಕೊಟ್ಟು ಹೇಳಿದರು. "ತಣ್ಣೀರು ಅಜ್ಜಪ್ನೋರೇ, ಬರೀ ತಣ್ಣೀರು. ಅಂಟುವಾಳದ ನೊರೆ ಪೂರಾ ಆರಿಸ್ಕಂಡು ಅದ್ರಾಗೆ ಮುಳುಗಿಸ್ಬೇಕು, ಅಂಗೈಲಿ ಮೆತ್ತಗೆ ಒತ್ಬೇಕು, ಎತ್ಬೇಕು. ಉಜ್ಜಂಗಿಲ್ಲ, ಹಿಂಡಂಗಿಲ್ಲ. ಹತ್ತಿ ಬಟ್ಟೇಲಿ ಸುತ್ತಿದ್ರೆ ನೀರು ತಾನೇ ಹೀರ್ಕಂತೈತೆ. ಆಮ್ಯಾಕೆ ನೆಳ್ಳಾಗೆ ಚಾಪೆ ಮ್ಯಾಲೆ ಅಗಲಕ್ಕೆ ಹಾಸ್ಬೇಕು. ಹಗ್ಗಕ್ಕೆ ಹಾಕಿದ್ರೆ ಜೋತುಬಿದ್ದು ಆಕಾರ ಕೆಡ್ತೈತೆ. ಒಣಗಿದ್ಮ್ಯಾಲೆ ಬೇವಿನೆಲೆ ಇಟ್ಟು ಮಡಿಚ್ರಿ, ಹುಳ ಬರಂಗಿಲ್ಲ."

"ಇದು ಮತ್ತೆ ಸರಿಯಾಗ್ತೈತಾ?" ಎಂದೆ.

"ಕಚ್ಕಂಡಿದ್ದು ಬಿಡಂಗಿಲ್ಲ" ಎಂದರು.

ನವೆಂಬರಿನಲ್ಲಿ ಇಷ್ಟನ್ನು ಕೇಳಲು ಇಪ್ಪತ್ತು ಹೆಜ್ಜೆ ನಡೆಯಬೇಕಿತ್ತು, ನಡೆಯಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ನನ್ನ ಜಂಬಕ್ಕೆ ನನ್ನ ಮಗಳು ಬರೆ ತಿಂದಳು. ನಿಮ್ಮ ಮುಂದೆ ಅವಳು ಸುಳ್ಳು ಹೇಳಿದ್ದು ನನ್ನ ಮಾನ ಉಳಿಸಲು. ನನ್ನನ್ನು ಏನು ಬೇಕಾದರೂ ಅನ್ನಿ. ಊರಿನವರೆದುರು ತಪ್ಪಾಯಿತು ಎನ್ನಬೇಕೆಂದರೆ ಬಂದು ಎನ್ನುತ್ತೇನೆ. ಅವಳನ್ನು ಕಳಿಸಿಕೊಡಿ. ದಿನ ಬಹಳ ಉಳಿದಿಲ್ಲ.

ಅಜ್ಜಪ್ಪ


ಮೊಳಕಾಲ್ಮೂರು
16 ಏಪ್ರಿಲ್ 1910

ಬೀಗರಾದ ಅಜ್ಜಪ್ಪನವರಿಗೆ ಜಂಬುಲಿಂಗಪ್ಪನ ಶರಣು ಶರಣಾರ್ಥಿ.

ತಾವು ಬರೆದದ್ದು ನನಗೆ ಹೊಸದಲ್ಲ. ಸೊಸೆಗೆ ಬರುವ ಕಾಗದವನ್ನು ಮೊದಲು ಮನೆಯ ಯಜಮಾನ ಒಡೆದು ಓದುವುದು ನಮ್ಮಲ್ಲಿ ನಡೆದುಬಂದ ರೀತಿ. ನವೆಂಬರಿನಲ್ಲಿ ತಮ್ಮ ಕಾಗದವನ್ನು ನಾನೇ ಮೊದಲು ಓದಿದೆ. ಬಿಸಿನೀರು, ತುಳಿಯುವುದು, ಗಂಜಿ, ಎಲ್ಲವನ್ನೂ ಓದಿದೆ. ರೇಷ್ಮೆಯವನಾದ ನನಗೆ ಅನುಮಾನ ಬಂತು. ಆದರೆ ಉಣ್ಣೆಯವರು ಹೇಳುತ್ತಿದ್ದಾರೆ, ಸರಿಯೇ ಇರಬೇಕು ಎಂದುಕೊಂಡು ಏನೂ ಹೇಳದೆ ಸೊಸೆಯ ಕೈಗೆ ಕೊಟ್ಟೆ.

ಆ ದಿನ ಆರು ಜನರೆದುರು ಕೇಳಿದಾಗ, ಅಪ್ಪ ಹೇಳಿದ್ದು ಎನ್ನುತ್ತಾಳೆ ಎಂದೇ ತಿಳಿದಿದ್ದೆ. ಹಾಗೆ ಹೇಳಿದ್ದರೆ ದೂರು ತಮ್ಮ ಮೇಲೆ ಹೋಗುತ್ತಿತ್ತು, ನನ್ನ ಮುಖ ಉಳಿಯುತ್ತಿತ್ತು. ಅವಳು ಹೇಳಲಿಲ್ಲ. ಗೊತ್ತು ಎಂದು ನಾನು ಹೇಳಿದರೆ, ಗೊತ್ತಿದ್ದೂ ಏಕೆ ತಡೆಯಲಿಲ್ಲ ಎಂಬ ಪ್ರಶ್ನೆ ನನ್ನ ಬೆನ್ನಿಗೆ ಬರುತ್ತಿತ್ತು. ಹೊಸಿಲಿನ ಮಾತು ಸಿಟ್ಟಿನಲ್ಲಿ ಬಂದದ್ದು. ಬಂದ ಮೇಲೆ ಹಿಂತೆಗೆದುಕೊಳ್ಳಲು ನನ್ನಿಂದ ಆಗಲಿಲ್ಲ. ಪ್ರತಿದಿನ ಊಟ ಬಡಿಸುವಾಗ ಅವಳಾದರೂ ಹೇಳಲಿ ಎಂದು ಕಾಯುತ್ತಿದ್ದೆ.

ಬಂಡಿ ಕಳಿಸಿ.

ಜಂಬುಲಿಂಗಪ್ಪ


ಮೊಳಕಾಲ್ಮೂರು
24 ಏಪ್ರಿಲ್ 1910

ಅಪ್ಪನವರಿಗೆ.

ಈ ಕಾಗದವನ್ನು ಬಂಡಿಯ ದೊಡ್ಡಪಾಲಯ್ಯನ ಕೈಯಲ್ಲೇ ಕೊಡುತ್ತಿದ್ದೇನೆ. ಅವನು ನಿನ್ನೆ ಬಂದ. ಬಂಡಿಗೆ ಹುಲ್ಲು ಹಾಕಿ, ಮೇಲೆ ಎರಡು ಕಂಬಳಿ ಹಾಸಿ ಕಳಿಸಿದ್ದೀರಿ. ಮಾವನವರು ನನ್ನ ಪೆಟ್ಟಿಗೆಯನ್ನು ತಾವೇ ಹೊತ್ತು ಬಾಗಿಲಿಗೆ ತಂದಿಟ್ಟರು. ಹೊರಡುವ ಮುಂಚೆ ಒಂದು ಸಲ ನೋಡಲಿ ಎಂದು ಸೂಲಗಿತ್ತಿ ಪಾಲಮ್ಮನನ್ನು ಕರೆಸಿದರು. ಅವಳು ಹೊಟ್ಟೆ ಮುಟ್ಟಿ, "ವದ್ದಮ್ಮಾ, ವದ್ದು, ಹೋಗ್ಬ್ಯಾಡ. ಕೂಸು ಆಗ್ಲೇ ಕೆಳಾಕ್ ಇಳ್ದೈತೆ. ಈ ಕುಲುಕಾಟಕ್ಕೆ ಕೊಂಡ್ಲಹಳ್ಳಿ ದಾಟಾಕಿಲ್ಲ, ದಾರ್ಯಾಗೇ ಆಗ್ತೈತೆ" ಎಂದಳು. ಹೋದ ತಿಂಗಳಾಗಿದ್ದರೆ ಹೋಗಬಹುದಿತ್ತಂತೆ. ಮಾವನವರು ಪೆಟ್ಟಿಗೆಯನ್ನು ಮತ್ತೆ ಒಳಗಿಟ್ಟರು.

ಆಮೇಲೆ ಪಡಸಾಲೆಯಲ್ಲಿ ಕೂತು, ನಿಮ್ಮ ಕಾಗದವನ್ನು ನವೆಂಬರಿನಲ್ಲೇ ಓದಿದ್ದೆ ಎಂದು ನನಗೆ ಹೇಳಿದರು. ಅವರಿಗೆ ನವೆಂಬರಿನಲ್ಲಿ ಗೊತ್ತಿತ್ತು. ನಿಮಗೆ ಪೊಟ್ಟಣ ಬಿಚ್ಚಿದ ದಿನ ಗೊತ್ತಾಯಿತು. ನನಗೆ ಬಾನಿಯಿಂದ ಶಾಲು ಎತ್ತಿದ ಗಳಿಗೆಯಲ್ಲೇ ಗೊತ್ತಾಗಿತ್ತು. ನಿಮ್ಮ ಹೆಸರು ಹೇಳಿದರೆ ಚಳ್ಳಕೆರೆಯಲ್ಲಿ ನಿಮ್ಮ ಅಂಗಡಿಯ ಮಾತು ಹಗುರವಾಗುತ್ತದೆ ಎಂದು ಸುಮ್ಮನಾದೆ. ಅದು ನನ್ನ ಬುದ್ಧಿಗೇಡಿತನ. ಅದರಿಂದ ಯಾರ ಮಾನವೂ ಉಳಿಯಲಿಲ್ಲ, ದಿನಗಳು ಮಾತ್ರ ಹೋದವು.

ನನಗೆ ಸಿಟ್ಟು ಬಂದಿದೆ, ಇಬ್ಬರ ಮೇಲೂ. ನೀವಿಬ್ಬರೂ ಕಾಗದ ಚೆನ್ನಾಗಿ ಬರೆಯುತ್ತೀರಿ. ಇನ್ನು ಬರೆಯಬೇಡಿ.

ಬಂಡಿಯನ್ನು ಖಾಲಿ ಕಳಿಸುತ್ತಿದ್ದೇನೆ. ಅದರಲ್ಲಿ ಅವ್ವನನ್ನು ಕೂರಿಸಿ ಕಳಿಸಿ. ಮೊಮ್ಮಗು ಹುಟ್ಟುವ ತನಕ ಬೀಗರ ಮನೆಯ ನೀರು ಮುಟ್ಟಬಾರದು ಎನ್ನುವ ನಿಮ್ಮ ನೇಮ ನನಗೆ ಗೊತ್ತು. ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಅವ್ವ ತನ್ನ ಅಡುಗೆ ತಾನು ಮಾಡಿಕೊಳ್ಳಲಿ. ಮಾವನವರನ್ನು ಕೇಳಿದ್ದೇನೆ, ಆಗಲಿ ಎಂದಿದ್ದಾರೆ.

ನನಗೆ ಹೆದರಿಕೆಯಾಗುತ್ತಿದೆ. ಇದನ್ನು ಇಲ್ಲಿ ಯಾರಿಗೂ ಹೇಳಿಲ್ಲ. ಪಾಲಮ್ಮನ ಕೈ ಒಳ್ಳೆಯದು ಎನ್ನುತ್ತಾರೆ, ಆದರೆ ಅವಳು ಅವ್ವ ಅಲ್ಲ.

ಇದನ್ನು ಅವ್ವನಿಗೆ ಓದಿ ಹೇಳಿ. ಬೇಡವಾದ ಸಾಲನ್ನು ನೀವು ಹಾರಿಸಿ ಓದುವುದು ನನಗೆ ಚಿಕ್ಕಂದಿನಿಂದ ಗೊತ್ತು. ಈ ಸಲ ಒಂದು ಸಾಲನ್ನೂ ಬಿಡಬೇಡಿ.

ಸುಲೋಚನ


ಚಳ್ಳಕೆರೆ
26 ಏಪ್ರಿಲ್ 1910

ಮಗಳು ಸುಲೋಚನೆಗೆ.

ಬರೆಯಬೇಡಿ ಎಂದಿದ್ದೀಯ. ಇದೊಂದು ಚೀಟಿ. ಇದು ನಿನ್ನ ಕೈಗೆ ಸಿಗುವ ಹೊತ್ತಿಗೆ ಕೊಟ್ಟವಳು ನಿನ್ನ ಎದುರಿಗೇ ಇರುತ್ತಾಳೆ.

ದೊಡ್ಡಪಾಲಯ್ಯ ಖಾಲಿ ಬಂಡಿ ಹೊಡೆದುಕೊಂಡು ಬಂದದ್ದನ್ನು ನೋಡಿ ನಿನ್ನ ಅವ್ವ ಬಾಗಿಲಲ್ಲೇ ಕೂತಳು. "ಓದ್ರೀ" ಎಂದಳು. ಮೊದಲಿನಿಂದ ಓದಿದೆ. ನನ್ನ ತಪ್ಪು ಬಂದ ಕಡೆಯೂ ಓದಿದೆ. ಇಷ್ಟು ದಿನ ಅವಳಿಗೆ ನಾನು ಓದಿದ್ದು ಸುಳ್ಳೆಂದು ಅಲ್ಲೇ ತಿಳಿಯಿತು. ನನಗೆ ಹೆದರಿಕೆಯಾಗುತ್ತಿದೆ ಎಂದು ನೀನು ಬರೆದ ಸಾಲಿಗೆ ಬಂದಾಗ ಎದ್ದಳು. ಒಳಗೆ ಹೋಗಿ ಗಂಟು ಎತ್ತಿಕೊಂಡು ಬಂದು, ಎತ್ತಿಗೆ ಇನ್ನೂ ನೀರು ಕುಡಿಸಿಲ್ಲ ಎಂದು ದೊಡ್ಡಪಾಲಯ್ಯ ಅನ್ನುತ್ತಿದ್ದರೂ ಕೇಳದೆ ಬಂಡಿ ಹತ್ತಿ ಕೂತಳು. ಅವನು ನೀರು ಕುಡಿಸುವಷ್ಟರಲ್ಲಿ ಈ ಚೀಟಿ ಬರೆಯುತ್ತಿದ್ದೇನೆ.

ಆಮೇಲಿನ ಸಾಲುಗಳನ್ನು ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ಆದರೂ ಪಡಸಾಲೆಯಲ್ಲಿ ಒಬ್ಬನೇ ನಿಂತು ಕೊನೆಯ ತನಕ ಗಟ್ಟಿಯಾಗಿ ಓದಿದೆ. ಒಂದು ಸಾಲನ್ನೂ ಬಿಡಲಿಲ್ಲ.

ಅಪ್ಪ